ತೀರ್ಪು ಬರುವ ಮೊದಲೇ ಮುಗಿದುಹೋಗುವ ವಿಚಾರಣೆ

ದಮನದ ಹಾದಿ ಹಿಡಿದ ಸರ್ಕಾರಗಳು ಕೋರ್ಟಿಗೆ ಬೀಗ ಜಡಿಯುವುದು ಅಪರೂಪ. ಇರಾನ್, ಚೀನಾ, ರಷ್ಯಾ, ಬೆಲರೂಸ್, ಎಲ್ಲ ಕಡೆ ನ್ಯಾಯಾಧೀಶರಿದ್ದಾರೆ, ದೋಷಾರೋಪ ಪಟ್ಟಿ ಸಲ್ಲಿಕೆಯಾಗುತ್ತದೆ, ತಾರೀಖು ಬೀಳುತ್ತದೆ, ತೀರ್ಪನ್ನೂ ಓದಿ ಹೇಳುತ್ತಾರೆ. ಸರ್ಕಾರ ಕೈಹಾಕುವುದು ಆರೋಪಿಯ ಪಕ್ಕದಲ್ಲಿ ನಿಲ್ಲುವ ವಕೀಲರಿಗೆ. ಅವರನ್ನು ಸರಿಸಿಬಿಟ್ಟರೆ ಉಳಿದದ್ದೆಲ್ಲ ಇದ್ದ ಹಾಗೆಯೇ ನಡೆದರೂ ಫಲಿತಾಂಶ ಮೊದಲೇ ನಿಶ್ಚಯವಾಗಿರುತ್ತದೆ.

ಇರಾನಿನ ಅಪರಾಧ ಪ್ರಕ್ರಿಯಾ ಕಾಯ್ದೆಯ 48ನೇ ವಿಧಿಗೆ ಒಂದು ಟಿಪ್ಪಣಿ ಅಂಟಿಕೊಂಡಿದೆ. ರಾಷ್ಟ್ರದ ಭದ್ರತೆಗೆ ಸಂಬಂಧಿಸಿದ ಪ್ರಕರಣಗಳಲ್ಲಿ ತನಿಖೆಯ ಹಂತದಲ್ಲಿ ಆರೋಪಿ ತನಗೆ ಬೇಕಾದ ವಕೀಲರನ್ನು ನೇಮಿಸಿಕೊಳ್ಳುವಂತಿಲ್ಲ. ನ್ಯಾಯಾಂಗದ ಮುಖ್ಯಸ್ಥರು ಒಪ್ಪಿದ ಪಟ್ಟಿಯಿಂದಲೇ ಆರಿಸಬೇಕು. 2018ರಲ್ಲಿ ಟೆಹರಾನಿಗೆ ಪ್ರಕಟವಾದ ಆ ಪಟ್ಟಿಯಲ್ಲಿ ಇದ್ದದ್ದು 20 ಹೆಸರು. ಒಂದು ಮಹಾನಗರಕ್ಕೆ 20 ವಕೀಲರು, ಅವರೂ ಸರ್ಕಾರ ಒಪ್ಪಿದವರು. ಚೀನಾದಲ್ಲಿ 2015ರ ಜುಲೈ 9ರಿಂದ ಶುರುವಾದ ಕಾರ್ಯಾಚರಣೆಯಲ್ಲಿ ಸುಮಾರು 300 ವಕೀಲರು, ಸಹಾಯಕರು, ಹೋರಾಟಗಾರರನ್ನು ಹಿಡಿದು ವಿಚಾರಿಸಲಾಯಿತು. ಅವರಲ್ಲಿ ಹಲವರನ್ನು ಇಟ್ಟದ್ದು ಜೈಲಿನಲ್ಲೂ ಅಲ್ಲ, ಠಾಣೆಯಲ್ಲೂ ಅಲ್ಲ. ‘ಗೊತ್ತುಪಡಿಸಿದ ಸ್ಥಳದಲ್ಲಿ ನಿಗಾ’ ಎಂಬ ಹೆಸರಿನಲ್ಲಿ 6 ತಿಂಗಳವರೆಗೆ ಹೊರಜಗತ್ತಿಗೆ ಸುಳಿವಿಲ್ಲದ ಜಾಗದಲ್ಲಿ. ವಕೀಲ ವಾಂಗ್ ಚುವಾನ್‌ಜಾಂಗ್ ಅವರ ವಿಚಾರಣೆ ನಡೆದದ್ದು ಬಂಧನವಾಗಿ 3 ವರ್ಷ ದಾಟಿದ ಮೇಲೆ, 2018ರ ಡಿಸೆಂಬರ್ 26ರಂದು, ಮುಚ್ಚಿದ ಬಾಗಿಲ ಹಿಂದೆ. ರಷ್ಯಾದಲ್ಲಿ 2025ರ ಜನವರಿ 17ರಂದು ವಿರೋಧ ಪಕ್ಷದ ನಾಯಕ ಅಲೆಕ್ಸಿ ನವಾಲ್ನಿಯ ಮೂವರು ವಕೀಲರಿಗೆ ಮೂರೂವರೆಯಿಂದ ಐದೂವರೆ ವರ್ಷದವರೆಗೆ ಶಿಕ್ಷೆಯಾಯಿತು. ಅವರ ಮೇಲಿನ ಆರೋಪದ ತಿರುಳು, ಜೈಲಿನಲ್ಲಿದ್ದ ಕಕ್ಷಿದಾರನ ಮಾತನ್ನು ಹೊರಗೆ ತಲುಪಿಸಿದರು ಎಂಬುದು. ಟರ್ಕಿ ಹಿಡಿದದ್ದು ಇನ್ನೊಂದು ದಾರಿ: 2016ರ ಜುಲೈನ ವಿಫಲ ದಂಗೆಯ ನಂತರ ಸುಮಾರು 4,000 ನ್ಯಾಯಾಧೀಶರು ಮತ್ತು ಪ್ರಾಸಿಕ್ಯೂಟರುಗಳನ್ನೇ ಮನೆಗೆ ಕಳಿಸಿತು.

ಈ ದೇಶಗಳ ಕಾನೂನು ಬೇರೆ, ರಾಜಕೀಯ ಬೇರೆ. ಆದರೆ ಕಿತ್ತುಕೊಂಡದ್ದು ಒಂದೇ: ತನಗೆ ಬೇಕಾದ ವಕೀಲರನ್ನು ಆರಿಸುವ ಹಕ್ಕು, ಅವರ ಜೊತೆ ಯಾರೂ ಕೇಳಿಸಿಕೊಳ್ಳದಂತೆ ಮಾತಾಡುವ ಹಕ್ಕು, ಪ್ರಕರಣಕ್ಕೆ ತಯಾರಾಗುವ ಸಮಯ. ಭಾರತದಲ್ಲಿ ಈ ಮೂರೂ ಬರಹದಲ್ಲಿ ಭದ್ರವಾಗಿವೆ, ಮೊದಲನೆಯದು ಸಂವಿಧಾನದಲ್ಲೇ ಇದೆ. ಆದರೂ ಇಂಡಿ, ಅಥಣಿ, ಹುನಗುಂದದಂಥ ತಾಲ್ಲೂಕು ಕೋರ್ಟಿನಲ್ಲಿ ಒಬ್ಬ ಬಡವನನ್ನು ರಿಮಾಂಡ್‌ಗೆ, ಅಂದರೆ ಬಂಧನ ಮುಂದುವರಿಸುವ ಮ್ಯಾಜಿಸ್ಟ್ರೇಟರ ಆದೇಶಕ್ಕೆ, ಹಾಜರುಪಡಿಸುವ ಆ ಹತ್ತು ನಿಮಿಷದಲ್ಲಿ ಇವನ್ನು ಕೇಳುವವರಿಲ್ಲದಿದ್ದರೆ, ಯಾವ ಸರ್ವಾಧಿಕಾರಿಯೂ ಇಲ್ಲದೆಯೇ ಅದೇ ನಷ್ಟ ಆಗುತ್ತದೆ. ಕಾನೂನಿನ ಆಳ್ವಿಕೆಯ ರಕ್ಷಣೆ ಎಂದರೆ ಮೊದಲು ಈ ರಿಮಾಂಡ್ ಕೋರ್ಟಿನ ರಕ್ಷಣೆ. ನಾಳೆ ಯಾವ ಪಕ್ಷದ, ಯಾವ ಸ್ವಭಾವದ ಸರ್ಕಾರ ಬಂದರೂ ಅದು ಮೊದಲು ಕೈಯಾಡಿಸುವುದು ಇಲ್ಲೇ.

ಈ ನೆಲಕ್ಕೆ ಇದು ಹೊಸದಲ್ಲ

ಮುಧೋಳ ಸೀಮೆಯ ಹಲಗಲಿಯ ಬೇಡರ ಕಥೆಯನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆಯನ್ನು ಧಿಕ್ಕರಿಸಿದ ಊರದು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರ್ ಮಧ್ಯದೊಳಗೆ 19 ಜನರನ್ನು ಗಲ್ಲಿಗೇರಿಸಿ ಮುಗಿಸಿತ್ತು. ಹಿಡಿದ ದಿನದಿಂದ ಕುಣಿಕೆಯವರೆಗೆ ಹೆಚ್ಚೆಂದರೆ ಎರಡು ವಾರ. ಅಷ್ಟು ಹೊತ್ತಿನಲ್ಲಿ ನಡೆದದ್ದನ್ನು ವಿಚಾರಣೆ ಎಂದು ಕರೆಯಲು ಮನಸ್ಸು ಬರುವುದಿಲ್ಲ. 1919ರ ರೌಲಟ್ ಕಾಯ್ದೆಗೆ ಜನ ಕೊಟ್ಟ ಉತ್ತರ ‘ವಕೀಲ ಇಲ್ಲ, ದಲೀಲು ಇಲ್ಲ, ಅಪೀಲು ಇಲ್ಲ’ ಎಂಬ ಘೋಷಣೆ. ನ್ಯಾಯಯುತ ವಿಚಾರಣೆಗೆ ಬೇಕಾದ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಮಾತು ಅದು.

ಸ್ವತಂತ್ರ ಭಾರತದ ದೊಡ್ಡ ಪರೀಕ್ಷೆ ತುರ್ತು ಪರಿಸ್ಥಿತಿ. ಅದರಲ್ಲಿ ಕರ್ನಾಟಕ ಹೈಕೋರ್ಟಿನ ಪಾತ್ರ ನಮ್ಮಲ್ಲಿ ಸಾಕಷ್ಟು ಚರ್ಚೆಗೆ ಬಂದಿಲ್ಲ. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ ಹೈಕೋರ್ಟಿನ ಮೊರೆಹೋದರು. ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಟ್ಟಿರುವಾಗ ಅರ್ಜಿಯನ್ನೇ ಕೇಳುವಂತಿಲ್ಲ ಎಂದು ಸರ್ಕಾರ ವಾದಿಸಿತು. ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅರ್ಜಿ ಕೇಳಲು ಬರುತ್ತದೆ ಎಂದರು. ದೇಶದ 9 ಹೈಕೋರ್ಟುಗಳ ನಿಲುವು ಇದೇ ಆಗಿತ್ತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಡಿಎಂ ಜಬಲ್ಪುರ ಪ್ರಕರಣದಲ್ಲಿ 4–1 ಬಹುಮತದಿಂದ ಅವೆಲ್ಲವನ್ನೂ ಬದಿಗೊತ್ತಿತು. ಭಿನ್ನಮತ ಬರೆದದ್ದು ಎಚ್.ಆರ್. ಖನ್ನಾ ಒಬ್ಬರೇ. ಅದೇ ವರ್ಷ ಹೈಕೋರ್ಟುಗಳ 16 ನ್ಯಾಯಮೂರ್ತಿಗಳನ್ನು ಅವರ ಒಪ್ಪಿಗೆ ಕೇಳದೆ ವರ್ಗಾಯಿಸಲಾಯಿತು. ಚಂದ್ರಶೇಖರ್ ಅಲಹಾಬಾದಿಗೆ ಹೋದರು, ಸದಾನಂದಸ್ವಾಮಿ ಗುವಾಹಟಿಗೆ.

ಆ ಗಾಯದಿಂದ ಹುಟ್ಟಿದ ರಕ್ಷಣೆ ಈಗಲೂ ಕೆಲಸ ಮಾಡುತ್ತಿದೆ. 1978ರ 44ನೇ ತಿದ್ದುಪಡಿಯ ಪ್ರಕಾರ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿಡುವಂತಿಲ್ಲ. 2017ರಲ್ಲಿ ಖಾಸಗಿತನದ ಹಕ್ಕನ್ನು ಎತ್ತಿಹಿಡಿದ ಪುಟ್ಟಸ್ವಾಮಿ ತೀರ್ಪು ಜಬಲ್ಪುರ ತೀರ್ಪನ್ನು ಹೆಸರಿಟ್ಟು ರದ್ದುಮಾಡಿತು. ಹೈಕೋರ್ಟಿನ ಬಾಗಿಲು ಇನ್ನು ಮುಚ್ಚುವುದು ಕಷ್ಟ. ಠಾಣೆಯ ಬಾಗಿಲ ವಿಷಯ ಹಾಗಲ್ಲ.

ಹೊತ್ತು ಎಲ್ಲಿಂದ ಎಣಿಸಬೇಕು

22ನೇ ವಿಧಿ ಹೇಳುವುದು ಸ್ಪಷ್ಟ: ಬಂಧನಕ್ಕೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಬೇಕು. ಇದಕ್ಕೆ ಹೊರತಾದದ್ದು ಮುನ್ನೆಚ್ಚರಿಕೆಯ ಬಂಧನ, ಅಂದರೆ ಗೂಂಡಾ ಕಾಯ್ದೆಯಂಥವು. ಅವುಗಳ ಲೆಕ್ಕವೇ ಬೇರೆ. ಸಾಮಾನ್ಯ ಪ್ರಕರಣಗಳಲ್ಲಿ 24 ಗಂಟೆಯ ನಿಯಮ ಮುರಿಯುವುದು ಹೇಗೆ? ನೇರವಾಗಿ ಮುರಿಯುವುದು ಕಡಿಮೆ. ಸೋಮವಾರ ಬೆಳಿಗ್ಗೆ ‘ಸ್ವಲ್ಪ ಕೇಳೋದಿದೆ, ಬಂದು ಹೋಗು’ ಎಂದು ಠಾಣೆಗೆ ಕರೆಸುತ್ತಾರೆ. ಮಂಗಳವಾರ ಸಂಜೆ ದಸ್ತಗಿರಿ ತೋರಿಸುತ್ತಾರೆ. ಬುಧವಾರ ಮಧ್ಯಾಹ್ನ ಕೋರ್ಟಿಗೆ ತರುತ್ತಾರೆ. ಕಾಗದದ ಮೇಲೆ 24 ಗಂಟೆ ಮೀರಿಲ್ಲ. ಆ ಮನುಷ್ಯ ಮಾತ್ರ ಎರಡು ರಾತ್ರಿ ಒಳಗೇ ಇದ್ದ. ಹೊಡೆತ, ಬೆದರಿಕೆ, ಖಾಲಿ ಹಾಳೆಯ ಮೇಲಿನ ಸಹಿ, ಇವೆಲ್ಲ ನಡೆಯುವುದು ಲೆಕ್ಕಕ್ಕೆ ಸಿಗದ ಆ ಎರಡು ರಾತ್ರಿಗಳಲ್ಲೇ.

ಹೊತ್ತು ಎಣಿಸಬೇಕಾದದ್ದು ಅವನ ಓಡಾಟಕ್ಕೆ ತಡೆ ಬಿದ್ದ ಕ್ಷಣದಿಂದ. 2025ರ ಜನವರಿಯಲ್ಲಿ ಜಾರಿ ನಿರ್ದೇಶನಾಲಯದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, 24 ಗಂಟೆ ಮೀರಿದ ಕಸ್ಟಡಿಯೇ ಕಾನೂನುಬಾಹಿರ, ಅಂಥ ಸಂದರ್ಭದಲ್ಲಿ ಜಾಮೀನು ನಿರಾಕರಿಸುವಂತಿಲ್ಲ ಎಂದಿದೆ. ಆದರೆ ಮೀರಿದೆ ಎಂದು ತೋರಿಸಬೇಕಲ್ಲ. ಅದಕ್ಕೆ ಮನೆಯವರು ಆ ಹೊತ್ತಿನಲ್ಲೇ ಮಾಡಬೇಕಾದ ಕೆಲಸಗಳಿವೆ. ಕರೆದೊಯ್ದ ವೇಳೆ, ಜೀಪಿನ ನಂಬರು, ಬಂದವರ ಹೆಸರು ಅಥವಾ ಎದೆಯ ಮೇಲಿನ ನಾಮಫಲಕ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಿಡಬೇಕು. ಎಸ್‌ಪಿ ಕಚೇರಿಗೆ ಇಮೇಲೋ ವಾಟ್ಸ್‌ಆ್ಯಪ್ ಸಂದೇಶವೋ ಹೋಗಬೇಕು. ಅದರಲ್ಲಿ ವೇಳೆ ತಾನಾಗಿ ದಾಖಲಾಗುತ್ತದೆ, ಆಮೇಲೆ ಯಾರೂ ತಿದ್ದಲು ಬರುವುದಿಲ್ಲ. ಬರೀ ಫೋನ್ ಮಾಡಿ ಸುಮ್ಮನಾದರೆ ಏನು ಹೇಳಿದಿರಿ ಎಂಬುದಕ್ಕೆ ಪುರಾವೆ ಉಳಿಯದು. ಪ್ರತಿ ಠಾಣೆಯಲ್ಲಿ ಸಿಸಿಟಿವಿ ಇರಬೇಕು, ದೃಶ್ಯವನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೆ ಕನಿಷ್ಠ 1 ವರ್ಷ ಕಾಯ್ದಿಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ಇಡಿ ಎಂಬ ಅರ್ಜಿಯನ್ನು ಮೊದಲ ರಿಮಾಂಡ್ ದಿನವೇ ಮ್ಯಾಜಿಸ್ಟ್ರೇಟರಿಗೆ ಕೊಡಬೇಕು. ವಿಚಾರಣೆ ಶುರುವಾಗುವ ಹೊತ್ತಿಗೆ ಕೇಳಿದರೆ ‘ಉಪಕರಣ ಕೆಟ್ಟಿತ್ತು’ ಎಂಬ ಉತ್ತರ ಬರುವುದೇ ಹೆಚ್ಚು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಬಂಧನದ ಸುತ್ತ ಇರುವ ಕಲಂಗಳನ್ನು ವಕೀಲರಲ್ಲದವರೂ ತಿಳಿದಿರುವುದು ಒಳ್ಳೆಯದು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದಸ್ತಗಿರಿ ಯಾಕೆ ಅಗತ್ಯ ಎಂದು ಪೊಲೀಸರು ಕಾರಣ ಬರೆಯಬೇಕು. ಅಗತ್ಯವಿಲ್ಲದಿದ್ದರೆ ಕಲಂ 35(3)ರ ನೋಟಿಸ್ ಕೊಟ್ಟು ಕರೆಸಬೇಕು. ಕಲಂ 36ರ ದಸ್ತಗಿರಿ ಮೆಮೊಗೆ ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಹಿ, ಜೊತೆಗೆ ಬಂಧಿತನ ಸಹಿ ಬೇಕು. ವಿಚಾರಿಸುವಾಗ ವಕೀಲರನ್ನು ಭೇಟಿಯಾಗುವ ಹಕ್ಕು ಕಲಂ 38ರಲ್ಲಿದೆ. ವಿಚಾರಣೆಯ ಉದ್ದಕ್ಕೂ ಪಕ್ಕದಲ್ಲಿ ಕೂರಲು ಅದು ಅವಕಾಶ ಕೊಡದಿದ್ದರೂ ನಡುವೆ ಭೇಟಿಗೆ ಬಿಡಲೇಬೇಕು. ಕಲಂ 48ರ ಪ್ರಕಾರ ಸಂಬಂಧಿಕರಿಗೆ ತಿಳಿಸಬೇಕು. ಮಹಿಳೆಯರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ದಸ್ತಗಿರಿ ಮಾಡುವಂತಿಲ್ಲ. ತೀರ ಅಪರೂಪದ ಸಂದರ್ಭವಾದರೆ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು.

ಕಾರಣ ತಿಳಿಸುವ ಕಲಂ 47ರ ಮೇಲೆ ಕೊಂಚ ಹೆಚ್ಚು ಹೊತ್ತು ನಿಲ್ಲಬೇಕು. ಗಡಿ ಜಿಲ್ಲೆಗಳಿಗೆ ಅದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ಖಾನಾಪುರ, ನಿಪ್ಪಾಣಿ ಕಡೆಯ ಎಷ್ಟೋ ಮಂದಿಗೆ ಓದಲು ಬರುವುದು ಮರಾಠಿ. ವಿಜಯಪುರ, ಬಾಗಲಕೋಟೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಅದೇ ತಾಂಡಾದ ಜನ ಗೋವೆಗೋ ಮಹಾರಾಷ್ಟ್ರಕ್ಕೋ ಗುಳೆ ಹೋದಾಗ ಅಲ್ಲಿ ಸಿಕ್ಕಿಬಿದ್ದರೆ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಇಷ್ಟು ದಿನ ‘ಬಾಯಿಮಾತಲ್ಲಿ ಹೇಳಿದ್ದೇವೆ’ ಎಂಬುದು ಸಾಕಾಗುತ್ತಿತ್ತು. 2023ರಲ್ಲಿ ಪಂಕಜ್ ಬನ್ಸಲ್ ತೀರ್ಪು ಅಕ್ರಮ ಹಣ ವರ್ಗಾವಣೆ ಪ್ರಕರಣಗಳಿಗೆ, 2024ರಲ್ಲಿ ಪ್ರಬೀರ್ ಪುರಕಾಯಸ್ಥ ತೀರ್ಪು ಭಯೋತ್ಪಾದನೆ ತಡೆಯ ಕಾಯ್ದೆಯಾದ ಯುಎಪಿಎಗೆ ಲಿಖಿತ ಕಾರಣವನ್ನು ಕಡ್ಡಾಯ ಮಾಡಿದವು. 2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿತು: ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಆ ಕ್ಷಣಕ್ಕೆ ಬರೆದು ಕೊಡಲು ಆಗದ ಪರಿಸ್ಥಿತಿಯಾದರೆ ಬಾಯಿಮಾತಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಲಿಖಿತ ಪ್ರತಿ ಕೈಗೆ ಕೊಡಬೇಕು. ಹೀಗಾಗದಿದ್ದರೆ ಬಂಧನವೂ ರಿಮಾಂಡೂ ಅಕ್ರಮ.

ಇಲ್ಲಿ ಆಗುವ ತಪ್ಪು ಎರಡು ಬಗೆ. ಕಾರಣದ ಜಾಗದಲ್ಲಿ ‘ಅಪರಾಧ ಸಂಖ್ಯೆ ಇಷ್ಟು, ಕಲಂ ಇಷ್ಟು’ ಎಂದಷ್ಟೇ ಬರೆದು ಕೊಡುವುದು ಒಂದು. ಕಲಂ ಹೇಳಿದರೆ ಕಾರಣ ಹೇಳಿದಂತಾಗದು. ಈ ಮನುಷ್ಯ ಏನು ಮಾಡಿದನೆಂದು ಹಿಡಿದಿರಿ ಎಂಬುದು ಆ ಹಾಳೆಯಲ್ಲಿರಬೇಕು. ಇನ್ನೊಂದು, ಅರ್ಥವಾಗದ ಹಾಳೆಯ ಕೆಳಗೆ ‘ಓದಿ ಹೇಳಲಾಗಿದೆ, ಅರ್ಥವಾಗಿದೆ’ ಎಂಬ ಅಚ್ಚು ಸಾಲಿಗೆ ಹೆಬ್ಬೆಟ್ಟು ಒತ್ತಿಸುವುದು. ಯಾರು, ಯಾವ ಭಾಷೆಯಲ್ಲಿ, ಎಷ್ಟು ಗಂಟೆಗೆ ಓದಿ ಹೇಳಿದರು ಎಂದು ವಕೀಲರು ರಿಮಾಂಡ್ ಹೊತ್ತಿನಲ್ಲೇ ಕೇಳಿ, ಉತ್ತರವನ್ನು ಆದೇಶ ಪತ್ರದಲ್ಲಿ ಬರೆಸಿಕೊಳ್ಳಬೇಕು.

ವೈದ್ಯಕೀಯ ತಪಾಸಣೆ ಕಲಂ 53ರಲ್ಲಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕರೆತಂದ ಪೊಲೀಸರೇ ಪಕ್ಕದಲ್ಲಿ ನಿಂತಿರುವಾಗ ‘ಏನಾದರೂ ನೋವಿದೆಯೇ’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಎರಡು ಸಾಲಿನ ಚೀಟಿ ಸಿದ್ಧವಾಗುತ್ತದೆ. ಗಾಯದ ಗುರುತು, ಅದು ಆಗಿರಬಹುದಾದ ಹೊತ್ತು, ಇವನ್ನು ನಮೂದಿಸುವುದು ವೈದ್ಯರ ಕರ್ತವ್ಯ. ವರದಿಯ ಪ್ರತಿ ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಸಿಗಬೇಕು. ಹಾಜರುಪಡಿಸಿದಾಗ ಮ್ಯಾಜಿಸ್ಟ್ರೇಟರು ಪೊಲೀಸರನ್ನು ದೂರ ನಿಲ್ಲಿಸಿ ‘ಹೊಡೆದಿದ್ದಾರೆಯೇ’ ಎಂದು ಕೇಳುವುದು, ಅಂಗಿ ತೆಗೆಸಿ ನೋಡುವುದು ಶಿಷ್ಟಾಚಾರಕ್ಕಾಗಿ ಮಾಡುವ ಕೆಲಸವಲ್ಲ. ಪೊಲೀಸ್ ಕಸ್ಟಡಿ ಕೇಳುವಾಗಲೆಲ್ಲ ಆರೋಪಿ ಖುದ್ದಾಗಿ ಎದುರಿಗಿರಬೇಕು, ವಿಡಿಯೊ ಕಾನ್ಫರೆನ್ಸ್ ಸಾಲದು ಎಂದು ಕಾಯ್ದೆ ಹೇಳುವುದಕ್ಕೆ ಕಾರಣವೂ ಇದೇ. ಪರದೆಯ ಮೇಲೆ ಬೆನ್ನಿನ ಬಾಸುಂಡೆ ಕಾಣುವುದಿಲ್ಲ, ಕ್ಯಾಮೆರಾದ ಆಚೆ ಯಾರು ನಿಂತಿದ್ದಾರೆ ಎಂಬುದೂ ಕಾಣುವುದಿಲ್ಲ.

ಬೇಡಿಯ ವಿಷಯದಲ್ಲಿ ಬೆಳಗಾವಿ ಜಿಲ್ಲೆಯದೇ ಒಂದು ತೀರ್ಪಿದೆ. ಚಿಕ್ಕೋಡಿ ಕಡೆಯ ಕಾನೂನು ವಿದ್ಯಾರ್ಥಿಯೊಬ್ಬರನ್ನು ವಾರಂಟ್ ಮೇಲೆ ಹಿಡಿದು ಬೇಡಿ ತೊಡಿಸಿ ಜನರೆದುರು ಕರೆದೊಯ್ದದ್ದಕ್ಕೆ 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ 2 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಬೇಡಿ ಹಾಕಿದರೆ ಕಾರಣವನ್ನು ದಾಖಲಿಸಬೇಕು ಎಂದಿತು, ಪೊಲೀಸರಿಗೆ ಮೈಮೇಲೆ ಧರಿಸುವ ಕ್ಯಾಮೆರಾ ಒದಗಿಸಲೂ ಹೇಳಿತು. ಹೊಸ ಸಂಹಿತೆಯ ಕಲಂ 43(3) ಕೆಲವು ಗಂಭೀರ ಅಪರಾಧಗಳಿಗೆ, ಪದೇ ಪದೇ ಅಪರಾಧ ಮಾಡಿದವರಿಗೆ ಬೇಡಿ ಹಾಕಲು ಅವಕಾಶ ಕೊಟ್ಟಿದೆ. ಸುಪ್ರೀಂ ಕೋರ್ಟ್ 1980ರಲ್ಲಿ ಎಳೆದ ಗೆರೆಯನ್ನು ಇದು ಸಡಿಲಿಸಿದೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ವಕಾಲತ್ತು ಹಾಕುವವರು ಯಾರು

ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಕಲಂ 12 ಹಾಗೆ ಹೇಳುತ್ತದೆ. ಬಡತನದ ಪ್ರಮಾಣಪತ್ರ ಬೇಕಿಲ್ಲ, ತಹಶೀಲ್ದಾರರ ಸಹಿ ಬೇಕಿಲ್ಲ. ಮೊದಲ ಹಾಜರಿಯಿಂದಲೇ ಈ ಹಕ್ಕು ಲಾಗೂ ಎಂದು 1981ರ ಖತ್ರಿ ತೀರ್ಪು, ಆರೋಪಿ ಕೇಳದಿದ್ದರೂ ಕೊಡಬೇಕು, ಕೊಡದೆ ನಡೆಸಿದ ವಿಚಾರಣೆಯೇ ನಿಲ್ಲುವುದಿಲ್ಲ ಎಂದು 1986ರ ಸುಕ್ ದಾಸ್ ತೀರ್ಪು ಹೇಳಿವೆ. ಜಿಲ್ಲಾ ಕೇಂದ್ರಗಳಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕಿನಲ್ಲಿ ಸಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ತೊಂದರೆ ಆಗುವುದು ನಡುವಿನ ಹೊತ್ತಿನಲ್ಲಿ. ರಿಮಾಂಡ್ ವಕೀಲರಿಗೆ ಕಡತ ಸಿಗುವುದು ಕಟಕಟೆಯ ಹತ್ತಿರ, ಐದು ನಿಮಿಷ ಮೊದಲು. ಕಕ್ಷಿದಾರನ ಜೊತೆ ಮಾತು ಪೊಲೀಸರ ನಡುವೆಯೇ. ಆ ಐದು ನಿಮಿಷದಲ್ಲಿ ಕೇಳಬೇಕಾದದ್ದು ಪ್ರಕರಣದ ಸತ್ಯಾಸತ್ಯತೆಯನ್ನಲ್ಲ. ನಿನ್ನನ್ನು ಎಷ್ಟು ಹೊತ್ತಿಗೆ ಹಿಡಿದರು, ಯಾವ ಕಾಗದ ಕೊಟ್ಟರು, ಯಾವುದಕ್ಕೆ ಸಹಿ ಮಾಡಿದೆ, ಹೊಡೆದರೇ, ಮನೆಯವರಿಗೆ ಗೊತ್ತೇ, ವಯಸ್ಸೆಷ್ಟು. ಇಷ್ಟಕ್ಕೆ ಐದು ನಿಮಿಷ ಸಾಕು. ವಯಸ್ಸಿನ ಪ್ರಶ್ನೆ ಬಿಟ್ಟುಹೋದರೆ 17 ವರ್ಷದ ಹುಡುಗ ದೊಡ್ಡವರ ಜೈಲಿಗೆ ಹೋಗುತ್ತಾನೆ. ಆಮೇಲೆ ಶಾಲಾ ದಾಖಲೆ ತಂದು ಬಿಡಿಸುವಷ್ಟರಲ್ಲಿ ವಾರಗಳು ಕಳೆದಿರುತ್ತವೆ.

ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆ ಇರುವ ಪ್ರಕರಣಗಳಿಗೆ 2019ರ ಅನೋಖಿಲಾಲ್ ತೀರ್ಪು ಒಂದು ಅಳತೆ ಕೊಟ್ಟಿದೆ. ಕನಿಷ್ಠ 10 ವರ್ಷ ವಕೀಲಿ ಮಾಡಿದವರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು. ಆ ಪ್ರಕರಣದಲ್ಲಿ ವಕೀಲರ ನೇಮಕವಾದ ದಿನವೇ ಆರೋಪ ಹೊರಿಸಿ, ಎರಡು ವಾರದಲ್ಲಿ ಗಲ್ಲುಶಿಕ್ಷೆ ವಿಧಿಸಿಬಿಟ್ಟಿದ್ದರು. ಘೋರ ಅಪರಾಧ ನಡೆದಾಗ ‘ತ್ವರಿತ ನ್ಯಾಯ’ ಎಂಬ ಕೂಗು ಏಳುವುದು ಸಹಜ. ಆದರೆ ತಯಾರಿ ಇಲ್ಲದ ವಕೀಲರೊಂದಿಗೆ ನಡೆಸಿದ ವಿಚಾರಣೆ ವರ್ಷಗಳ ನಂತರ ಮೊದಲ ಮೆಟ್ಟಿಲಿಗೇ ವಾಪಸು ಬರುತ್ತದೆ. ಸಂತ್ರಸ್ತರ ಮನೆಯವರೂ ಎಲ್ಲವನ್ನೂ ಮತ್ತೆ ಅನುಭವಿಸಬೇಕಾಗುತ್ತದೆ.

ಸರ್ಕಾರದ ಒತ್ತಡವೇ ಇಲ್ಲದೆ ವಕೀಲರೇ ಹಿಂದೆ ಸರಿಯುವುದೂ ಉಂಟು. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ಅಲ್ಲಿನ ವಕೀಲರ ಸಂಘ ಠರಾವು ಮಾಡಿತು. ಬೆಂಗಳೂರಿನಿಂದ ಬಂದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡುವಂತೆ ಹೈಕೋರ್ಟೇ ಆದೇಶಿಸಬೇಕಾಯಿತು. ಇಂಥ ಠರಾವುಗಳು ಕಾನೂನಿನಲ್ಲಿ ಶೂನ್ಯ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ, ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿತ್ತು. ತಾನು ವಾದ ಮಾಡುವ ಕೋರ್ಟಿನ ಪ್ರಕರಣವನ್ನು ವಿಶೇಷ ಕಾರಣವಿಲ್ಲದೆ ನಿರಾಕರಿಸಬಾರದು ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ವಕೀಲರನ್ನು ಅವರ ಕಕ್ಷಿದಾರರ ಜೊತೆ ಸಮೀಕರಿಸಬಾರದು ಎಂದು 1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಅಂಗೀಕರಿಸಿದ ವಕೀಲರ ಪಾತ್ರದ ಮೂಲತತ್ವಗಳ 18ನೆಯದು ಹೇಳುತ್ತದೆ.

ಇಷ್ಟೆಲ್ಲ ಇದ್ದೂ ಠರಾವು ಯಾಕೆ ಆಗುತ್ತದೆ? ಬಂಧನದ ಮರುದಿನದ ಸುದ್ದಿ ಒಂದು ಕಾರಣ. ‘ತನಿಖೆ ವೇಳೆ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲು ಇಲ್ಲದ ವರದಿ ಕಡಿಮೆ. ಪೊಲೀಸರೆದುರು ಒಪ್ಪಿಕೊಂಡದ್ದು ಸಾಕ್ಷ್ಯವಾಗಿ ನಡೆಯುವುದಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23 ಹೇಳುತ್ತದೆ. ಆ ಹೇಳಿಕೆಯಿಂದ ಸಿಕ್ಕ ವಸ್ತುವಿನ ಮಟ್ಟಿಗೆ ಮಾತ್ರ ವಿನಾಯಿತಿ. ಕೋರ್ಟಿನಲ್ಲಿ ಕವಡೆ ಕಿಮ್ಮತ್ತಿಲ್ಲದ ಆ ಮಾತು ಊರಿನಲ್ಲಿ ಮಾತ್ರ ತೀರ್ಪಾಗಿ ನಿಲ್ಲುತ್ತದೆ. ಅದೇ ಊರಿನಲ್ಲಿ ಬಾಳಬೇಕಾದ ವಕೀಲರ ಮೇಲೆ ಅದರ ಭಾರ ಬೀಳುತ್ತದೆ. ಠರಾವು ಮಂಡನೆಯಾದ ದಿನ ಒಬ್ಬರಾದರೂ ಎದ್ದು ಮೊಹಮ್ಮದ್ ರಫಿ ತೀರ್ಪಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ತಮ್ಮ ವಿರೋಧವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದರೆ ಪರಿಸ್ಥಿತಿ ಬದಲಾಗುತ್ತದೆ. ಎರಡನೆಯವರು ಎದ್ದೇಳುವುದು ಮೊದಲನೆಯವರು ಎದ್ದ ಮೇಲೆಯೇ.

60, 90 ಮತ್ತು ಉತಾರ

ರಿಮಾಂಡ್ ಆದ ಮೇಲೆ ಎಣಿಕೆ ಬೇರೆ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಯುಎಪಿಎಯಲ್ಲಿ ಕೋರ್ಟು ಇದನ್ನು 180 ದಿನಕ್ಕೆ ಹಿಗ್ಗಿಸಬಹುದು. ಎಣಿಸಬೇಕಾದದ್ದು ರಿಮಾಂಡ್ ಆದ ದಿನವನ್ನೂ ಸೇರಿಸಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ನಿರ್ಧರಿಸಿದೆ. ಜುಲೈ 1ರಂದು ರಿಮಾಂಡ್ ಆಗಿದ್ದರೆ 60ನೇ ದಿನ ಆಗಸ್ಟ್ 29. ಆಗಸ್ಟ್ 30ರ ಬೆಳಿಗ್ಗೆ ಕೋರ್ಟು ಕೂರುವ ಹೊತ್ತಿಗೆ ಅರ್ಜಿ ಸಿದ್ಧವಿರಬೇಕು. ಮಧ್ಯಾಹ್ನಕ್ಕೆ ಚಾರ್ಜ್‌ಶೀಟ್ ಬಂದು, ಅರ್ಜಿ ಅದರ ನಂತರ ಹೋದರೆ ಹಕ್ಕು ಹೋಯಿತು. ಬಾಯಿಮಾತಲ್ಲಿ ಕೇಳಿದರೂ ಸಾಕು ಎಂದು 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು ಹೇಳಿದೆ. ಆದರೂ ಬರೆದು ಕೊಟ್ಟು, ವೇಳೆ ನಮೂದಿಸಿದ ಸ್ವೀಕೃತಿ ಪಡೆಯುವುದೇ ಸರಿ.

ಹೊಸ ಸಂಹಿತೆಯಲ್ಲಿ ಹೆಚ್ಚು ಚಿಂತೆ ಹುಟ್ಟಿಸುವುದು ಕಲಂ 187. ಮೊದಲು ಪೊಲೀಸ್ ಕಸ್ಟಡಿ ಮೊದಲ 15 ದಿನಕ್ಕಷ್ಟೇ ಸೀಮಿತವಾಗಿತ್ತು. ಈಗ ಅದೇ 15 ದಿನವನ್ನು ತುಂಡು ತುಂಡಾಗಿ, ಮೊದಲ 40 ಅಥವಾ 60 ದಿನಗಳಲ್ಲಿ ಯಾವಾಗ ಬೇಕಾದರೂ ಕೇಳಬಹುದು. ‘ಮತ್ತೆ ಕಸ್ಟಡಿ ಬೇಕಾಗಬಹುದು’ ಎಂಬ ನೆಪದಲ್ಲಿ ಜಾಮೀನಿಗೆ ತಕರಾರು ಬಂದಾಗ ತೋರಿಸಬೇಕಾದದ್ದು ಕಲಂ 480ರ ಪರಂತುಕ: ಮೊದಲ 15 ದಿನದ ನಂತರ ಪೊಲೀಸ್ ಕಸ್ಟಡಿ ಬೇಕಾಗಬಹುದು ಎಂಬ ಒಂದೇ ಕಾರಣಕ್ಕೆ ಜಾಮೀನು ನಿರಾಕರಿಸುವಂತಿಲ್ಲ.

ಜಾಮೀನು ಸಿಕ್ಕರೂ ಹೊರಬರದವರು ಇದ್ದಾರೆ. ಕೋರ್ಟು ಜಾಮೀನುದಾರರ ಹೊಲದ ಉತಾರ (ಪಹಣಿ) ಕೇಳುತ್ತದೆ. ತಾಂಡಾದ, ಹೊಲವಿಲ್ಲದ ಕೇರಿಯ ಕೂಲಿಗೆ ಉತಾರ ಇರುವ ಜಾಮೀನುದಾರ ಎಲ್ಲಿ ಸಿಗಬೇಕು? 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನ ಇದಕ್ಕಾಗಿಯೇ ಬಂದದ್ದು. ಜಾಮೀನು ಆದೇಶದ ಪ್ರತಿ ಇಮೇಲ್ ಮೂಲಕ ಜೈಲಿಗೆ ಹೋಗಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಲು ನೋಡಬಹುದು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಕಳೆದಿದ್ದರೆ ಕಲಂ 479ರಡಿ ಬಿಡುಗಡೆಗೆ ಅರ್ಹರು. ಜೀವಾವಧಿ, ಮರಣದಂಡನೆಯ ಅಪರಾಧಗಳಿಗೆ ಇದು ಅನ್ವಯಿಸದು, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೂ ಇಲ್ಲ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಪ್ರತಿ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ.

ಶಿಕ್ಷೆಯಾದ ಮೇಲೂ ಕಾನೂನು ಜೈಲಿನ ಗೋಡೆಯ ಹೊರಗೆ ನಿಲ್ಲುವುದಿಲ್ಲ. ಗಲ್ಲುಶಿಕ್ಷೆಗೆ ಗುರಿಯಾದ ಕೈದಿಯೊಬ್ಬರನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ 2006ರಿಂದ 2016ರವರೆಗೆ ಏಕಾಂತ ಬಂಧನದಲ್ಲಿಟ್ಟಿದ್ದರು. ಕ್ಷಮಾದಾನದ ಅರ್ಜಿ ತೀರ್ಮಾನವಾಗುವ ಮೊದಲು ಹಾಗೆ ಇಡುವಂತಿಲ್ಲ ಎಂದು 1978ರ ಸುನಿಲ್ ಬಾತ್ರಾ ತೀರ್ಪು ಹೇಳಿದ್ದರೂ ಯಾರೂ ತಡೆಯಲಿಲ್ಲ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಾನೂನುಬಾಹಿರ ಎಂದು ಕರೆದು ಗಲ್ಲುಶಿಕ್ಷೆಯನ್ನು ಕನಿಷ್ಠ 30 ವರ್ಷದ ಸೆರೆವಾಸಕ್ಕೆ ಇಳಿಸಿತು. ಆ ಮನುಷ್ಯ ಮಾಡಿದ ಅಪರಾಧ ಕ್ರೂರವಾದದ್ದು. ಆದರೂ ಕಾನೂನು ಅವನಿಗೂ ಅನ್ವಯಿಸಬೇಕಿತ್ತು, ಹತ್ತು ವರ್ಷ ಅನ್ವಯಿಸಲಿಲ್ಲ.

ಕೋರ್ಟಿನಲ್ಲಿ ಕುಳಿತು ನೋಡುವುದು

ದಮನ ಇರುವ ದೇಶಗಳಿಗೆ ಅಂತರರಾಷ್ಟ್ರೀಯ ವಕೀಲರ ಸಂಘಟನೆಗಳು ವೀಕ್ಷಕರನ್ನು ಕಳಿಸುತ್ತವೆ. ಅವರು ವಾದ ಮಾಡುವುದಿಲ್ಲ, ಹೇಳಿಕೆ ಕೊಡುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳುತ್ತಾರೆ. ಇದನ್ನು ಇಲ್ಲಿ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ, ನಮ್ಮ ಕೋರ್ಟುಗಳು ತೆರೆದ ಕೋರ್ಟುಗಳು. ಅತ್ಯಾಚಾರ, ಪೋಕ್ಸೊದಂಥ ಪ್ರಕರಣಗಳು ಮಾತ್ರ ಗೋಪ್ಯವಾಗಿ ನಡೆಯುತ್ತವೆ, ನಡೆಯಲೂಬೇಕು. ಬರೆದುಕೊಳ್ಳಬೇಕಾದವು ಇವು: ಪ್ರಕರಣ ಕೂಗಿದ ವೇಳೆ, ಆರೋಪಿ ಖುದ್ದಾಗಿ ಬಂದಿದ್ದನೇ, ಬೇಡಿ ಇತ್ತೇ, ವಕೀಲರು ಇದ್ದರೇ, ಯಾವ ಭಾಷೆಯಲ್ಲಿ ನಡೆಯಿತು, ಅರ್ಥವಾಗದವರಿಗೆ ದುಭಾಷಿ ಇದ್ದರೇ, ಪಾಟೀಸವಾಲಿಗೆ ಅವಕಾಶ ಸಿಕ್ಕಿತೇ, ತಾರೀಖು ಮುಂದೆ ಹೋದದ್ದು ಯಾರ ಕೋರಿಕೆಯಿಂದ. ಅಭಿಪ್ರಾಯ ಬೇಡ, ಮೊಬೈಲಿನಲ್ಲಿ ಚಿತ್ರೀಕರಣವಂತೂ ಬೇಡವೇ ಬೇಡ. ಪ್ರತಿ ಪ್ರಕರಣಕ್ಕೆ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಇ–ಕೋರ್ಟ್ಸ್ ತಾಣದಲ್ಲಿ ಹಾಕಿದರೆ ಮುಂದಿನ ತಾರೀಖು ಮನೆಯಲ್ಲೇ ಗೊತ್ತಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾನೂನು ಕಾಲೇಜುಗಳ ವಿದ್ಯಾರ್ಥಿಗಳು ತಾಲ್ಲೂಕು ಕೋರ್ಟುಗಳಲ್ಲಿ ಸರದಿಯಂತೆ ಕುಳಿತು ರಿಮಾಂಡ್ ಹಾಜರಿಗಳನ್ನು ಹೀಗೆ ದಾಖಲಿಸಲು ಶುರುಮಾಡಿದರೆ ಯಾವ ಕೋರ್ಟಿನಲ್ಲಿ ವಕೀಲರಿಲ್ಲದೆ ರಿಮಾಂಡ್ ಆಗುತ್ತಿದೆ ಎಂಬುದು ಒಂದೇ ವರ್ಷದಲ್ಲಿ ಕಾಗದದ ಮೇಲೆ ಬರುತ್ತದೆ.

ಅಕ್ರಮ ಬಂಧನ ಕಂಡರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧಿತನನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ, ಹಾಕಬೇಕು. ಬೆಳಗಾವಿ, ಬಾಗಲಕೋಟೆಯವರು ಹೋಗಬೇಕಾದದ್ದು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ. ಬಂಧಿತನೇ ಹಾಕಬೇಕೆಂದಿಲ್ಲ, ಹೆಂಡತಿ, ಅಣ್ಣ, ಗೆಳೆಯ ಯಾರಾದರೂ ಹಾಕಬಹುದು. ಮ್ಯಾಜಿಸ್ಟ್ರೇಟರು ರಿಮಾಂಡ್ ಕೊಟ್ಟ ಮೇಲೆ ಈ ಅರ್ಜಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಗಾಗಿ ಠಾಣೆಯಲ್ಲಿ ‘ನಾಳೆ ಬಿಡ್ತೀವಿ’ ಎಂದ ಮಾತು ನಂಬಿ ಕಾಯದೆ, ಕರೆದೊಯ್ದ ವೇಳೆ ಬರೆದಿಟ್ಟ ಚೀಟಿ, ಎಸ್‌ಪಿ ಕಚೇರಿಗೆ ಕಳಿಸಿದ ಸಂದೇಶದ ಪ್ರತಿ, ಬಂಧಿತನ ಗುರುತಿನ ಚೀಟಿ ಹಿಡಿದುಕೊಂಡು ಅದೇ ರಾತ್ರಿ ವಕೀಲರ ಮನೆಗೆ ಹೋಗಬೇಕು.